ಇಪ್ಪತ್ತೆಂಟನೇ ದಿನದ ಸಾಹೇಬರು

ಬೀಜ ಪರೀಕ್ಷಾ ಕಚೇರಿಯ ನಮ್ಮ ಸಾಹೇಬರಿಗೆ ಕಾಡುಹುಲ್ಲಿನ ಬೀಜವೆಂದರೆ ಮನೆಯಲ್ಲೇ ಠಿಕಾಣಿ ಹೂಡಿದ ಸೋಮಾರಿ ಅಳಿಯನಿದ್ದಂತೆ. ಬೋಳುಗುಡ್ಡಗಳಿಗೆ ಬಿತ್ತಲೆಂದು ಬರುವ ಪ್ರತಿ ಚೀಲದಿಂದಲೂ ನೂರು ಬೀಜ ಆರಿಸಿ, ತಟ್ಟೆಯ ಒದ್ದೆ ಕಾಗದದ ಮೇಲೆ ಸಾಲಾಗಿ ಕೂರಿಸಿ, ದಿನಾ ಬೆಳಿಗ್ಗೆ ಬಂದವರೇ ಬಗ್ಗಿ ನೋಡಿ, "ಏನ್ರಪ್ಪಾ, ಇನ್ನೂ ಎದ್ದಿಲ್ವಾ?" ಎಂದು ವಿಚಾರಿಸುತ್ತಾರೆ. ಈ ಹುಲ್ಲು ತಿಂಗಳುಗಟ್ಟಲೆ ಮಲಗಿದ್ದು ತನಗೆ ಬೇಕೆನಿಸಿದಾಗ ಏಳುವ ಜಾತಿ ಎಂದು ಸಹಾಯಕಿ ಹೇಳಿದರೆ, "ನಿಯಮದಲ್ಲಿರೋದು ಇಪ್ಪತ್ತೆಂಟೇ ದಿನ ಕಣಮ್ಮ. ಅದಕ್ಕಿಂತ ಜಾಸ್ತಿ ಮಲಗಿದ್ರೆ ನೀನೂ ಸತ್ತೆ ಅಂತಲೇ ಬರೀತೀನಿ" ಎನ್ನುತ್ತಾರೆ. ಇಪ್ಪತ್ತೆಂಟನೇ ದಿನ ಸಂಜೆ ನಾಲ್ಕಕ್ಕೆ ಸರಿಯಾಗಿ, ಯಮನಿಗೂ ಇಲ್ಲದ ಸಮಯಪಾಲನೆಯಿಂದ, ಕೆಂಪು ಶಾಯಿಯಲ್ಲಿ "ಸತ್ತಿವೆ" ಎಂದು ಬರೆದು ಸಹಿ ಹಾಕಿ, ತಟ್ಟೆಯನ್ನು ಹಿಂದಿನ ಕಿಟಕಿಯಿಂದ ಹೊರಗೆ ಕೊಡವುತ್ತಾರೆ. ಚೀಲ ವಾಪಸ್ಸಾಗುತ್ತದೆ, ಗುಡ್ಡ ಬೋಳಾಗಿಯೇ ಉಳಿಯುತ್ತದೆ, ನಿಯಮ ಮಾತ್ರ ಹಸಿರಾಗಿರುತ್ತದೆ. ಆ ಕಿಟಕಿಯ ಕೆಳಗೆ ಈಗ ಸೊಂಟದೆತ್ತರ ಹುಲ್ಲು. ಕುರಿ ಸಾಕಿರುವ ಅಜ್ಜಿಯೊಬ್ಬರು ಆಗಾಗ ಬಂದು ಒಂದು ಹೊರೆ ಕೊಯ್ದುಕೊಂಡು, "ನಿಮ್ಮ ಸತ್ತ ಹುಲ್ಲು ಸೊಗಸಾಗಿದೆ ಸ್ವಾಮಿ" ಎಂದರೆ, "ಅದು ತಡವಾಗಿ ಬಂದಿದ್ದಜ್ಜಿ, ಲೆಕ್ಕಕ್ಕಿಲ್ಲ" ಎಂದು ಮುಖ ಗಂಟಿಕ್ಕಿಕೊಳ್ಳುತ್ತಾರೆ. ಇಷ್ಟೊಂದು ನಿಷ್ಠುರದ ಮನುಷ್ಯ ಬೇಸಿಗೆಯಲ್ಲಿ ಮನೆಯಿಂದ ಎರಡು ಬಾಟಲಿ ನೀರು ತರುತ್ತಾರೆ. ಒಂದನ್ನು ಕುಡಿಯುತ್ತಾರೆ. ಇನ್ನೊಂದನ್ನು ಕಚೇರಿ ಬಿಟ್ಟಮೇಲೆ, ಹಿಂದಿನ ರಸ್ತೆಯಲ್ಲಿ ಬಸ್ಸಿಗೆ ಕಾಯುವ ನಮಗೆ ಕಾಣುವುದಿಲ್ಲ ಎಂದುಕೊಂಡು, ಆ ಕಿಟಕಿಯಿಂದ ಕೈ ಚಾಚಿ ನಿಧಾನವಾಗಿ ಸುರಿಯುತ್ತಾರೆ.