ಸಂಜೀವಣ್ಣನ ಬಾನೆಟ್ಟು

ಸಂಜೀವಣ್ಣನಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುತ್ತಿದ್ದುದು ಅವರ ಕಿವಿಯಲ್ಲಿ. ಎಡಗಿವಿ ಕೆಂಪಾಗುತ್ತಿತ್ತು. ಬಲಗಿವಿಯೂ ಕೆಂಪಾಯಿತೆಂದರೆ ಹತ್ತಿರದಲ್ಲಿದ್ದ ವಸ್ತು ಯಾವುದೇ ಇರಲಿ, ಅದರ ಆಯುಸ್ಸು ಮುಗಿಯಿತು. ದೋಹಾದ ಬಿನ್ ಒಮ್ರಾನಿನ ಒಂದು ಹಳೆಯ ವಿಲ್ಲಾದಲ್ಲಿ ನಾನು ಆರು ವರ್ಷ ಅವರ ಪಕ್ಕದ ಮಂಚದಲ್ಲಿ ಮಲಗಿದವನು. ಆ ಆರು ವರ್ಷಗಳಲ್ಲಿ ಅವರು ಮುರಿದದ್ದು ಎರಡು ಬ್ಯಾಟು, ಒಂದು ಟಿವಿ, ಬಚ್ಚಲುಮನೆಯ ಚಿಲಕ, ಕುಕ್ಕರಿನ ಹಿಡಿ, ಎಷ್ಟೋ ಚಹಾದ ಗ್ಲಾಸು ಮತ್ತು ಒಬ್ಬ ಹುಡುಗನ ಕೈ. ಅಷ್ಟಾದರೂ ಅವರನ್ನು ನೆನೆದರೆ ನನಗೆ ಪ್ರೀತಿಯೇ ಉಕ್ಕುತ್ತದೆ. ಇದು ನನ್ನ ದೌರ್ಬಲ್ಯವಿರಬಹುದು, ಇರಲಿ.

ಅವರು ಕಾಪು ಕಡೆಯವರು. ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಡೆಂಟರ್ ಕೆಲಸ. ಲಾರಿಗೆ ಗುದ್ದಿ ನಜ್ಜುಗುಜ್ಜಾಗಿ ಬಂದ ಕಾರಿನ ಬಾಗಿಲನ್ನು ಬಡಿದು ಬಡಿದು, ಕೊನೆಗೆ ಅಂಗೈಯಿಂದ ಸವರಿ ನೋಡಿ, "ಈಗ ಬಂತು ನೋಡು ದಾರಿಗೆ" ಎನ್ನುವರು. ಅದೇ ಕೈ, ಅದೇ ಸುತ್ತಿಗೆ. ಪೆಟ್ಟು ಕೊಟ್ಟರೆ ಎಲ್ಲವೂ ದಾರಿಗೆ ಬರುತ್ತದೆ ಎಂಬ ನಂಬಿಕೆ ಅವರಿಗೆ ಆ ಕೆಲಸದಿಂದಲೇ ಬಂದಿರಬೇಕು.

ಆದರೆ ಅವರ ನಿಜವಾದ ಉಸಿರು ಇದ್ದದ್ದು ಕ್ರಿಕೆಟ್ಟಿನಲ್ಲಿ. ನಮ್ಮ ವಿಲ್ಲಾದವರೂ ಅಕ್ಕಪಕ್ಕದವರೂ ಸೇರಿ ಕಟ್ಟಿದ ಟೆನಿಸ್ ಬಾಲ್ ತಂಡಕ್ಕೆ ಅವರೇ ಮ್ಯಾನೇಜರು, ಅವರೇ ಕೋಚು, ಅವರೇ ಅಭಿಮಾನಿ ಸಂಘ. ನಾನು ಸ್ಕೋರು ಬರೆಯುವವನು. ತಂಡದಲ್ಲಿ ತುಳುವರು, ಬ್ಯಾರಿಗಳು, ಕುಂದಾಪುರದ ಇಬ್ಬರು, ಕಾರವಾರದ ಒಬ್ಬ ಇದ್ದುದರಿಂದ ಮೈದಾನದ ಭಾಷೆ ಕನ್ನಡವಾಗಿತ್ತು. ಶುಕ್ರವಾರ ಬೆಳಿಗ್ಗೆ ಬೆಳಕು ಹರಿಯುತ್ತಿದ್ದ ಹಾಗೆ ಆಟ ಶುರು. ಅರ್ಧ ತಂಡ ಜುಮ್ಮಾ ನಮಾಜಿಗೆ ಹೋಗಬೇಕಾದ್ದರಿಂದ ಹತ್ತು ಗಂಟೆಗೆ ಸ್ಟಂಪು ಕೀಳಲೇಬೇಕು. ಸೆಖೆ ಇಳಿಯುವ ಅಕ್ಟೋಬರಿನಲ್ಲಿ ಸೀಸನ್ ತೊಡಗಿದರೆ ಮುಗಿಯುವುದು ಮಾರ್ಚಿಗೆ. ಆರು ತಿಂಗಳು ಇದೆ, ಮೊದಲ ನಾಲ್ಕು ಪಂದ್ಯ ಸೋತರೇನು, ಮುಂದೆ ನೋಡಿಕೊಳ್ಳೋಣ ಎಂದು ಲೋಕವೆಲ್ಲ ಹೇಳುತ್ತದೆ. ಸಂಜೀವಣ್ಣನ ತೀರ್ಪು ಅಕ್ಟೋಬರಿನಲ್ಲೇ ಬೀಳುತ್ತಿತ್ತು.

"ಮಾರ್ಚಿಗೆ ಗೆಲ್ಲುವವ ಅಕ್ಟೋಬರಿಗೆ ಎಂತಕ್ಕೆ ಸೋಲ್ತಾನೆ? ಎಂಥ ಮಾತು ಮಾರಾಯ ನಿನ್ನದು!" ಎಂದು ನನ್ನ ಸ್ಕೋರು ಪುಸ್ತಕವನ್ನೇ ಎತ್ತಿ ಎಸೆದಿದ್ದರು ಒಮ್ಮೆ.

ಆ ತೀರ್ಪಿಗೊಂದು ಪದ್ಧತಿಯಿತ್ತು. ಗ್ಯಾರೇಜಿನ ಹಿತ್ತಲಿನಲ್ಲಿ ಗುಜರಿಗೆ ಹೋಗಬೇಕಾಗಿದ್ದ ಯಾವುದೋ ಕಾರಿನ ಬಾನೆಟ್ಟು, ಬೂದು ಪ್ರೈಮರ್ ಹೊಡೆದದ್ದು, ಎರಡು ಹಳೆಯ ಟಯರುಗಳ ಮೇಲೆ ಮೇಜಿನಂತೆ ಬಿದ್ದುಕೊಂಡಿತ್ತು. ಸೀಸನ್ನಿನ ಮೊದಲ ದಿನ ಅದರ ಮೇಲೆ ಹನ್ನೊಂದು ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುವರು. ಸೋತ ದಿನ ನಾವೆಲ್ಲ ಪಿಕಪ್ಪಿನಲ್ಲಿ ಅಲ್ಲಿಗೇ ಹೋಗಬೇಕು. ರಜೆಯ ದಿನ, ಗ್ಯಾರೇಜಿನಲ್ಲಿ ಬೇರೆ ಯಾರೂ ಇಲ್ಲ, ಬೀಗದ ಕೈ ಅವರ ಬಳಿ. ಕ್ಯಾಚ್ ಬಿಟ್ಟವನ, ರನ್ ಔಟ್ ಮಾಡಿಸಿದವನ ಹೆಸರಿನ ಮೇಲೆ ಸುತ್ತಿಗೆಯಿಂದ ಒಂದೇ ಪೆಟ್ಟು. "ಖಲಾಸ್!" ತಗಡು ಗುಂಡಿ ಬೀಳುತ್ತಿತ್ತು. ಪೆಟ್ಟು ತಿಂದವನಿಗೆ ಮುಂದಿನ ವಾರ ಆಟ ಮಾಫಿ, ಅಂದರೆ ಅಲ್ಲಿಯ ಅರಬಿಯಲ್ಲಿ ಆಟ ಇಲ್ಲ. ನಾವು ಹಿಂದೆ ನಿಂತು ನಗು ತಡೆಯುತ್ತಿದ್ದೆವು. ಮಾರ್ಚ್ ಮುಗಿದ ಮೇಲೆ ಅವರೇ ಕುಳಿತು, ಅಡಿಯಿಂದ ಕಬ್ಬಿಣದ ತುಂಡು ಕೊಟ್ಟು, ಒಂದೊಂದೇ ಗುಂಡಿಯನ್ನು ಎತ್ತಿ ಬಾನೆಟ್ಟನ್ನು ನುಣ್ಣಗೆ ಮಾಡಿಡುವರು. ಅಲ್ಲಿಗೆ ಎಲ್ಲರಿಗೂ ಕ್ಷಮೆ.

ಟಿವಿ ಹೋದದ್ದೂ ಇದೇ ರೋಗದಿಂದ. ಭಾರತ ತಂಡ ಎಲ್ಲೋ ಹೊರದೇಶಕ್ಕೆ ಹೋಗಿತ್ತು. ಸರಣಿಯ ಮೊದಲನೇ ಪಂದ್ಯ. ಹೊಸ ಹುಡುಗನೊಬ್ಬ ಸೊನ್ನೆಗೆ ಔಟಾದ. ಸಂಜೀವಣ್ಣನ ಎರಡೂ ಕಿವಿ ಒಟ್ಟಿಗೇ ಕೆಂಪಾದವು. "ಇವನನ್ನು ಯಾರು ಕಳಿಸಿದ್ದು? ಇವನ ಮುಖ ಇನ್ನು ನಾನು ನೋಡ್ಲಿಕ್ಕಿಲ್ಲ!" ಎಂದವರೇ ಇಸ್ತ್ರಿ ಪೆಟ್ಟಿಗೆ ಎತ್ತಿ ಬೀಸಿದರು. ಟಿವಿಯ ಗಾಜು ಪುಡಿಯಾಗಿ ನನ್ನ ಅನ್ನದ ಬಟ್ಟಲಿಗೆ ಬಿತ್ತು. ಎರಡು ವಾರ ಕಳೆದು ಅದೇ ಹುಡುಗ ನೂರು ಹೊಡೆದ. ನಮ್ಮಲ್ಲಿ ಟಿವಿ ಎಲ್ಲಿದೆ? ದೋಹಾ ಜದೀದಾದ ಒಂದು ಕೆಫೆಟೇರಿಯಾದ ಗಾಜಿಗೆ ಹಣೆ ಒತ್ತಿಕೊಂಡು, ಹೊರಗೆ ನಿಂತು, ಆ ನೂರನ್ನು ನೋಡಿದರು ಸಂಜೀವಣ್ಣ. ಒಳಗೆ ಬಂದು ಕೂತುಕೊಳ್ಳಿ ಎಂದರೆ ಬರಲಿಲ್ಲ. "ಮುಖ ನೋಡ್ಲಿಕ್ಕಿಲ್ಲ ಹೇಳಿದ್ದೆ ಅಲ್ವಾ, ಹೊರಗಿಂದ ನೋಡಿದ್ರೆ ಲೆಕ್ಕ ಇಲ್ಲ" ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಈ ಮನುಷ್ಯನನ್ನು ಬೈಯುವುದಾದರೂ ಹೇಗೆ?

ಅಲ್ತಾಫ್ ಬಂದದ್ದು ಅದರ ಮಾರನೆಯ ವರ್ಷ. ಉಳ್ಳಾಲದ ಕಡೆಯ ಇಪ್ಪತ್ತು ವರ್ಷದ ಹುಡುಗ. ಅಲ್ ಅಜೀಜಿಯಾದಲ್ಲಿ ಹಮೀದಾಕ ಎಂಬುವರ ದಿನಸಿ ಅಂಗಡಿಯಲ್ಲಿ ಮೂಟೆ ಇಳಿಸುವ, ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ. ಮೊದಲ ಮೂರು ತಿಂಗಳು ನೋಡುವುದು, ಸರಿ ಬಂದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಊರಿಗೆ ಕಳಿಸುವುದು ಎಂಬ ಮಾತಿನ ಮೇಲೆ ಬಂದಿದ್ದ. ಊರಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಎಡಗೈ ಬೌಲರು. ಸೆಪ್ಟೆಂಬರಿನ ಒಂದು ಸಂಜೆ ವಿಲ್ಲಾದ ಹಿಂದಿನ ಮರಳಿನಲ್ಲಿ ಬರಿಗಾಲಲ್ಲಿ ಓಡಿ ಬಂದು ಆರು ಬಾಲು ಹಾಕಿದ. ನಾಲ್ಕು ಬಾಲಿಗೆ ಸ್ಟಂಪು ಹಾರಿತು. ಸಂಜೀವಣ್ಣ ಅವನನ್ನು ತಬ್ಬಿ ಎತ್ತಿಬಿಟ್ಟರು.

"ಆದ್ರೆ ಮಗನೇ, ಇಲ್ಲಿ ನೆಲ ಪೂರಾ ಜಲ್ಲಿ. ಬರಿಗಾಲು ನಡೀಲಿಕ್ಕಿಲ್ಲ. ತಕೋ ಇದನ್ನು" ಎಂದು ತಮ್ಮ ಬಿಳಿ ಶೂಗಳನ್ನೇ ಕೊಟ್ಟರು. ಬೇರೆ ಯಾರಿಗೂ ಮುಟ್ಟಲು ಬಿಡದಿದ್ದ ಶೂಗಳು ಅವು. ಹುಡುಗ ಎರಡೂ ಕೈಯಲ್ಲಿ ತೆಗೆದುಕೊಂಡ.

ಮೊದಲ ಪಂದ್ಯದಲ್ಲಿ ಅಲ್ತಾಫ್ ಒಂದೇ ಓವರಿಗೆ ಐದು ವೈಡ್ ಹಾಕಿದ. ಸೋತೆವು. ಎರಡನೆಯದರಲ್ಲಿ ಓಡಿ ಬರುವಾಗ ಮುಗ್ಗರಿಸಿದ. ಸೋತೆವು. ತೀರ್ಪು ಕೇಳಲು ಸಾಲಾಗಿ ನಿಂತಾಗ ಸುತ್ತಿಗೆ ಬೇರೆಯವರ ಹೆಸರಿನ ಮೇಲೆ ಬಿತ್ತು, ಅವನ ಮೇಲೆ ಬೀಳಲಿಲ್ಲ. ಬದಲಿಗೆ ಕಪಾಳಕ್ಕೆ ಬಿತ್ತು. "ಎಲ್ಲಿ ಹೋಯ್ತು ಆ ಬಾಲು? ವಿಮಾನದಲ್ಲಿ ಬಿಟ್ಟು ಬಂದದ್ದಾ?" ಎಂದು ಮತ್ತೊಂದು. ನಾವು ತಡೆಯಬೇಕಿತ್ತು. ತಡೆಯಲಿಲ್ಲ. ಹೊಸಬನಿಗೆ ಒಂದೆರಡು ಬೀಳುವುದು ರೂಢಿ ಎಂದುಕೊಂಡೆವು, ಅಷ್ಟೇ ಅಲ್ಲ, ನಾನೂ ಸೇರಿ ಎಲ್ಲರೂ ಪಿಕಪ್ಪಿನಲ್ಲಿ ಅವನನ್ನು ಹೀಯಾಳಿಸುತ್ತಲೇ ಬಂದಿದ್ದೆವು. ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ಶುಕ್ರವಾರ ಕೊನೆಯ ಓವರು ಅವನ ಪಾಲಿಗೆ ಬಂತು. ಎದುರಾಳಿಗೆ ಹದಿನಾಲ್ಕು ರನ್ ಬೇಕಿತ್ತು, ನಾಲ್ಕೇ ಬಾಲಿನಲ್ಲಿ ಹೊಡೆದರು. ಗ್ಯಾರೇಜಿನ ಹಿತ್ತಲಿಗೆ ಬಂದಾಗ ಸಂಜೀವಣ್ಣನ ಎರಡೂ ಕಿವಿ ಮಾತ್ರವಲ್ಲ, ಕುತ್ತಿಗೆಯೂ ಕೆಂಪಾಗಿತ್ತು. ಸುತ್ತಿಗೆ ಹಿಡಿದು ನೇರ ಅಲ್ತಾಫನ ಹೆಸರಿನ ಎದುರು ನಿಂತರು.

ಆಗ ಆ ಹುಡುಗ ಯಾರೂ ಮಾಡದಿದ್ದ ಕೆಲಸ ಮಾಡಿದ. ಮುಂದೆ ಬಂದು ತನ್ನ ಹೆಸರಿನ ಮೇಲೆ ಎಡಗೈ ಇಟ್ಟ.

"ಬೇಡ ಸಂಜೀವಣ್ಣ. ಇನ್ನೊಂದು ಮ್ಯಾಚ್ ಕೊಡಿ. ಒಂದೇ ಒಂದು."

"ಕೈ ತೆಗಿ."

"ಒಂದೇ ಒಂದು ಕೊಡಿ, ಆಮೇಲೆ..."

ಸುತ್ತಿಗೆ ಬಿತ್ತು. ತಗಡಿನ ಸದ್ದು ಬರಲಿಲ್ಲ. ಬೇರೆ ಸದ್ದು ಬಂತು. ಅಲ್ತಾಫ್ ಕಿರುಚಲೂ ಇಲ್ಲ, ಬಾಯಿ ತೆರೆದವನು ಹಾಗೆಯೇ ಮೊಣಕಾಲೂರಿ ಕುಸಿದ. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಕೈಯಡಿಯ ತಗಡೂ ಗುಂಡಿ ಬಿದ್ದಿತ್ತು, ಸೀಮೆಸುಣ್ಣದ ಅಕ್ಷರಗಳ ಮೇಲೆ ರಕ್ತ ಹರಡಿತು. ಸುತ್ತಿಗೆ ಅಷ್ಟರಲ್ಲಿ ಅರ್ಧ ಇಳಿದಿತ್ತು, ಹುಡುಗ ಕೈ ಅಡ್ಡ ಕೊಟ್ಟದ್ದು ಕಾಣಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿಕೊಂಡೆವು. ನಾನೂ ಹೇಳಿದೆ. ಆದರೆ ನಾನು ನಿಂತದ್ದು ಎದುರಿಗೆ. "ಕೈ ತೆಗಿ" ಎನ್ನುವಾಗ ಸುತ್ತಿಗೆ ಅವರ ಹೆಗಲ ಮೇಲಿತ್ತು.

ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿಸಿ ಮಲಯಾಳಿ ನರ್ಸ್ ಒಬ್ಬರು ಅವನ ಶೂ ಬಿಚ್ಚಿದರು. ಒಳಗಿಂದ ಮುದ್ದೆಗಟ್ಟಿದ ಪೇಪರಿನ ತುಂಡುಗಳು ಬಿದ್ದವು, ಕೆಂಪಾಗಿದ್ದವು. ಹಿಮ್ಮಡಿಯ ಚರ್ಮ ಸುಲಿದು ಹೋಗಿತ್ತು. ಎರಡು ಬೆರಳಿನ ಉಗುರು ಕಪ್ಪಾಗಿತ್ತು. ಸಂಜೀವಣ್ಣನದು ಒಂಬತ್ತು ನಂಬರಿನ ಪಾದ, ಹುಡುಗನದು ಏಳು. ಆ ಶೂಗಳಲ್ಲಿ ಅವನು ಮೂರು ವಾರ ಓಡಿದ್ದ.

"ಇದು ಯಾರ ಶೂ?" ಎಂದು ನರ್ಸ್ ಹಿಂದಿಯಲ್ಲಿ ಗದರಿಸಿದರು.

ಸಂಜೀವಣ್ಣ ಶೂಗಳನ್ನೇ ನೋಡುತ್ತಿದ್ದರು. "ದೊಡ್ಡದಾಗ್ತದೆ ಹೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ?" ಎಂದು ಅಲ್ತಾಫನ ಮೇಲೆ ರೇಗಿದರು.

"ನೀವು ಕೊಟ್ಟದ್ದಲ್ವಾ ಸಂಜೀವಣ್ಣ" ಎಂದ ಹುಡುಗ, ಹಲ್ಲು ಕಚ್ಚಿಕೊಂಡು.

ಅಷ್ಟರಲ್ಲಿ ಆಸ್ಪತ್ರೆಯ ಪೊಲೀಸಿನವನು ಬಂದು ಹೇಗಾಯಿತೆಂದು ಕೇಳಿದ. ಹೊಡೆದದ್ದೆಂದು ಒಂದು ಮಾತು ಬಂದರೆ ಸಂಜೀವಣ್ಣ ಜೈಲಿಗೆ, ಅಲ್ಲಿಂದ ಊರಿಗೆ. ಒಪ್ಪಿಕೊಳ್ಳಲೆಂದು ಅವರೇ ಎರಡು ಹೆಜ್ಜೆ ಮುಂದೆ ಬಂದಿದ್ದರು. ಅಲ್ತಾಫ್ ಅವರತ್ತ ನೋಡದೆ ಹೇಳಿದ, "ಬಾನೆಟ್ ಬಿತ್ತು, ಸಾರ್." ಪೊಲೀಸಿನವನು ಬರೆದುಕೊಂಡು ಹೋದ.

ಪ್ಲಾಸ್ಟರ್ ಎರಡು ತಿಂಗಳು. ಮೂಟೆ ಎತ್ತಲಾಗದವನನ್ನು ಹಮೀದಾಕ ಇಟ್ಟುಕೊಳ್ಳುವುದು ಹೇಗೆ? ಟಿಕೆಟ್ ಮಾಡಿಸುವ ಮಾತು ಶುರುವಾಗಿತ್ತು. ನಾಲ್ಕನೆಯ ದಿನ ಸಂಜೀವಣ್ಣ ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಗೆ ಹೋದರು. ಹನ್ನೆರಡರಿಂದ ಮೂರು, ಇಡೀ ಊರೇ ಊಟ ಮಾಡಿ ಮಲಗುವ ಹೊತ್ತು. ಏನೂ ಹೇಳದೆ ಲಾರಿಯಿಂದ ಅಕ್ಕಿ ಮೂಟೆ ಇಳಿಸತೊಡಗಿದರು. ಮಾರನೆಯ ದಿನವೂ ಬಂದರು. ಎರಡು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಪಶ್ಚಾತ್ತಾಪಕ್ಕೂ ಅವರಲ್ಲಿ ಸೌಮ್ಯವೆಂಬುದಿರಲಿಲ್ಲ. ಮೂಟೆಗಳನ್ನು ಬೈಯುತ್ತಾ, ಒದೆಯುತ್ತಾ, ನೆಲಕ್ಕೆ ಅಪ್ಪಳಿಸುತ್ತಾ ಇಳಿಸುವರು.

"ಇವರು ಮೂಟೆ ಇಳಿಸುವುದಲ್ಲ, ಕೊಲ್ಲುವುದು" ಎಂದು ಹಮೀದಾಕ ನನ್ನಲ್ಲಿ ಹೇಳಿದರು. "ಆದ್ರೆ ಹುಡುಗನ ಕೆಲಸ ನಿಂತಿಲ್ಲ ನೋಡಿ. ನಾನು ಕಳಿಸುವುದಿಲ್ಲ."

ಅಲ್ತಾಫನ ಕೆಲಸ ಉಳಿಯಿತು. ತಂಗಿಯ ಮದುವೆಯಾಯಿತು. ಕೈ ಮಾತ್ರ ಉಳಿಯಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಆ ಮಣಿಕಟ್ಟು ತಿರುಗಲೇ ಇಲ್ಲ. ಜನವರಿಯಲ್ಲಿ ಸರಿಯಾದ ಅಳತೆಯ ಶೂ ಹಾಕಿಕೊಂಡು ಓಡಿ ಬಂದ. ಓಟ ಚೆನ್ನಾಗಿತ್ತು, ಮರಳಿನ ಮೇಲೆ ನಾವು ನೋಡಿದ್ದ ಅದೇ ಓಟ. ಬಾಲು ಮಾತ್ರ ಕೈಯಿಂದ ಜಾರಿ ಅವನ ಕಾಲ ಬುಡದಲ್ಲೇ ಬಿತ್ತು. ಮತ್ತೆ ಅವನು ಬೌಲಿಂಗ್ ಮಾಡಲಿಲ್ಲ. ಖಲಾಸ್ ಎಂದು ಅಕ್ಟೋಬರಿನಲ್ಲಿ ಹೇಳಹೊರಟದ್ದನ್ನು ಸಂಜೀವಣ್ಣ ತಮ್ಮ ಕೈಯಾರೆ ನಿಜ ಮಾಡಿದ್ದರು.

ಆಮೇಲೆ ಅವರು ಮೈದಾನಕ್ಕೆ ಬಂದರೂ ಪಿಕಪ್ಪಿನಿಂದ ಇಳಿಯುತ್ತಿರಲಿಲ್ಲ. ಗಾಜು ಏರಿಸಿಕೊಂಡು ಒಳಗೇ ಕೂರುವರು. ಕ್ಯಾಚ್ ಬಿಟ್ಟಾಗ ಡ್ಯಾಶ್‌ಬೋರ್ಡಿಗೆ ಗುದ್ದುವುದು ಕಾಣುತ್ತಿತ್ತು, ಸದ್ದು ಕೇಳಿಸುತ್ತಿರಲಿಲ್ಲ. ಒಮ್ಮೆ ಗುದ್ದಿ ಗುದ್ದಿ ಬೆರಳ ಗಂಟುಗಳ ಚರ್ಮ ಹರಿದು ಸ್ಟೇರಿಂಗಿಗೆ ರಕ್ತ ಮೆತ್ತಿಕೊಂಡಿತ್ತು. ಮಾರ್ಚಿನಲ್ಲಿ ಬಾನೆಟ್ಟಿನ ಗುಂಡಿಗಳನ್ನೆಲ್ಲ ಎತ್ತಿದರು, ಒಂದನ್ನು ಬಿಟ್ಟು. ಅದೇಕೆ ಎಂದರೆ, "ತಗಡು ಹಿಗ್ಗಿದೆ. ಹಿಗ್ಗಿದ್ದು ಎಷ್ಟು ಬಡಿದ್ರೂ ಮೊದಲಿನ ಹಾಗೆ ಕೂರುವುದಿಲ್ಲ. ನಿನಗೆ ಗೊತ್ತಾಗ್ಲಿಕ್ಕಿಲ್ಲ" ಎಂದರು.

ಎರಡು ವರ್ಷದ ನಂತರ ಗ್ಯಾರೇಜು ಮುಚ್ಚಿತು. ಸಂಜೀವಣ್ಣ ಊರಿಗೆ ಹೊರಟರು, ಮತ್ತೆ ಬರುವ ಮಾತಿಲ್ಲ. ಹೊರಡುವ ದಿನ ಶುಕ್ರವಾರ. ನಮಾಜು ಮುಗಿಸಿ ಬಂದ ಅಲ್ತಾಫನನ್ನು ನಾನೇ ಗ್ಯಾರೇಜಿನ ಹಿತ್ತಲಿಗೆ ಕರೆದುಕೊಂಡು ಹೋದೆ, ಹಾಗೆ ಹೇಳಿ ಕಳಿಸಿದ್ದರು. ಸಂಜೀವಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾನೆಟ್ಟಿನ ಪಕ್ಕ ನಿಂತಿದ್ದರು. ಅದರ ಮೇಲೆ ಒಂದೇ ಹೆಸರಿತ್ತು, ಅವರದೇ. ಸೀಮೆಸುಣ್ಣ ಹೊಸತು.

"ಅಲ್ತಾಫ್, ಆವತ್ತು ನೀನು ಕೈ ಇಟ್ಟದ್ದು ನನಗೆ ಕಂಡಿತ್ತು" ಎಂದರು.

ನಾನು ನೆಲ ನೋಡಿದೆ. ಕಾಣಲಿಲ್ಲ ಎಂಬುದು ಎರಡು ವರ್ಷ ನಾವೆಲ್ಲ ಸೇರಿ ಕಾಪಾಡಿಕೊಂಡು ಬಂದ ಸುಳ್ಳು.

"ನನಗೆ ಗೊತ್ತುಂಟು ಸಂಜೀವಣ್ಣ" ಎಂದ ಅಲ್ತಾಫ್.

ಅವರು ಸುತ್ತಿಗೆಯನ್ನು ಅವನ ಕೈಗೆ ಕೊಟ್ಟರು. "ಹೊಡಿ. ಗಟ್ಟಿ ಹೊಡಿ. ಬಲಗೈಯಲ್ಲಿ ಹೊಡಿ."

ಅಲ್ತಾಫ್ ಸುತ್ತಿಗೆಯನ್ನು ಎಡಗೈಗೆ ಬದಲಿಸಿಕೊಂಡ. ಹೆಗಲ ತನಕ ಎತ್ತಿದ. ಸಂಜೀವಣ್ಣನ ಮುಖವನ್ನೇ ನೋಡುತ್ತಾ ಇಳಿಸಿದ. ಮಣಿಕಟ್ಟು ತಿರುಗಲಿಲ್ಲ. ಸುತ್ತಿಗೆ ಅಡ್ಡಡ್ಡ ಬಿದ್ದು, ತಗಡಿಗೆ ತಾಗಿ, ಸಣ್ಣ ಸದ್ದು ಮಾಡಿ, ಜಾರಿ ನೆಲಕ್ಕೆ ಬಿತ್ತು.

"ಇಷ್ಟೇ ಆಗುವುದು ಸಂಜೀವಣ್ಣ" ಎಂದ.

ಆ ಮನುಷ್ಯನ ಕಿವಿಗಳು ಬಿಳಿಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಲ್ತಾಫ್ ಅವರ ಪೆಟ್ಟಿಗೆಯನ್ನು ಬಲಗೈಯಲ್ಲಿ ಎತ್ತಿ ಪಿಕಪ್ಪಿಗೆ ಹಾಕಿದ, ಏರ್‌ಪೋರ್ಟಿಗೆ ಅವನೇ ಬಿಟ್ಟು ಬಂದ. ದಾರಿಯಲ್ಲಿ ಏನು ಮಾತಾಡಿದರೋ ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಮುಂದಿನ ವಾರ ಗುಜರಿಯವರು ಬಂದಾಗ ನಾನು ಅಲ್ಲಿದ್ದೆ. ಲಾರಿಗೆ ಏರಿಸುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಸವರಿ ನೋಡಿದೆ. ಅಲ್ತಾಫನ ಗುಂಡಿ ಹಾಗೆಯೇ ಇತ್ತು. ಸಂಜೀವಣ್ಣನ ಹೆಸರಿದ್ದಲ್ಲಿ ತಗಡು ನುಣ್ಣಗಿತ್ತು.