ತಿರುಗಿ ಕೊಡೋ ಪೈಪು

"ಡೀಸೆಲ್ ಟಾಕಿಗೆ ಎರಡನೇ ಪೈಪು ಯಾಕಲೇ?" ಅಂತ ಇನಾಮದಾರರು ಇವತ್ತ ಮುಂಜಾನೆ ನಮ್ಮ ಸಂಕೇಶ್ವರದ ಗ್ಯಾರೇಜಿಗೆ ಬಂದು ನನ್ನ ಕೇಳಿದ್ರು. ಕೇಳ್ರಪಾ ಗೆಳ್ಯಾರ, ಎಂಥಾ ಪ್ರಶ್ನೆ.

ಅವರ ಅಪ್ಪನ ಕಾಲದ ಪೆಟ್ರೋಲ್ ಮೋಟಾರು ಕಾರಿಗೆ ನಾನು ಹೊಸಾ ಡೀಸೆಲ್ ಇಂಜಿನ್ ಕೂಡಿಸೇನಿ. ಹಳೇ ಟಾಕಿಯೊಳಗ ತುಕ್ಕು ಹಿಡದೈತಿ, ಪೈಪೂ ಒಂದ ಐತಿ. ಅದಕ್ಕ ಎರಡು ಪೈಪಿನ ಲಾರಿ ಟಾಕಿ ತೋರಿಸಿದ್ನಿ.

"ಒಂದರಾಗ ಡೀಸೆಲ್ ಇಂಜಿನ್ನಿಗೆ ಹೋಗತೈತ್ರಿ. ಇಂಜಿನ್ನು ತನಗ ಬೇಕಾದಷ್ಟು ತಗೊಂಡು, ಹೆಚ್ಚಾದದ್ದನ್ನ ಇನ್ನೊಂದರಾಗ ಟಾಕಿಗೆ ತಿರುಗಿ ಕಳಸತೈತ್ರಿ," ಅಂದ್ನಿ.

ಅವರು ನಕ್ಕರು. "ಒಮ್ಮೆ ಕೈಗೆ ಬಂದದ್ದನ್ನ ಯಾರರ ತಿರುಗಿ ಕೊಡತಾರೇನಲೇ? ನಮ್ಮ ಅಪ್ಪಾರ ಟಾಕಿನ ಹಾಕು. ಅದಕ್ಕ ತೂತು ಗೀತು ಹೊಡದಿ, ನೋಡ ಮತ್ತ."

ನಾನು ಲಾರಿ ಟಾಕಿ ಬಾಜೂಕ ಇಟ್ನಿ. ನಮ್ಮಪ್ಪ ಇವರ ಹೊಲಾ ಇಪ್ಪತ್ತು ವರ್ಷ ಪಾಲಿಗೆ ಮಾಡಿದ್ದ. ಉಳುವವನಿಗೇ ಹೊಲಾ ಸಿಗತೈತಿ, ಅಂಥಾ ಕಾಯದೆ ಬರಾಕತ್ತೈತಿ ಅನ್ನೋ ಸುದ್ದಿ ತಿಳಿದ ಕೂಡಲೇ ಇವರು, "ಒಂದ ವರ್ಷ ನಾನ ಮಾಡತೇನಿ, ಆಮ್ಯಾಲ ನಿನಗ ತಿರುಗಿ ಕೊಡತೇನಿ," ಅಂತ ಹೇಳಿ ಬಿಡಿಸಿಕೊಂಡ್ರು. ಅಪ್ಪ ಆ ಮಾತು ನಂಬಿ, ಕಾಯ್ಕೋತ ಕಾಯ್ಕೋತ ಕಣ್ಣು ಮುಚ್ಚಿದ.

ಅವರು ಉಣ್ಣಾಕ ಹೋದಾಗ ಹಳೇ ಟಾಕಿಯ ತುಕ್ಕು ತೊಳೆದ್ನಿ. ಹಿಂದಿನ ಬಾಜೂ, ಅವರಿಗೆ ಕಾಣದಂಗ, ತೂತು ಹೊಡದು ಎರಡನೇ ಪೈಪು ಬೆಸದ್ನಿ. ಸಂಜಿಕ ಇನಾಮದಾರರು ಮೋಟಾರು ಚಲೋ ಓಡತೈತಿ ಅಂತ ಹಿಗ್ಗಿಲೆ ಮನಿಗೆ ಹೋದ್ರು.

ಆ ಮನಿತನದಾಗ ತಿರುಗಿ ಕೊಡೋ ಬುದ್ಧಿ ಇಂಜಿನ್ನಿಗರ ಇರಲಿ.