ಬದುವಿನ ಕಡೆಯ ಸಾಲು

ಸಾಯಮ್ಮನಿಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಆದರೂ ರಾಯಿಕೋಡಿನ ಹತ್ತಿರದ ನಮ್ಮೂರಲ್ಲಿ ಬಿತ್ತನೆ ಶುರುವಾಯಿತೆಂದರೆ ಎಲ್ಲರೂ ಅವಳ ಗುಡಿಸಲಿಗೇ ಹೋಗುತ್ತಿದ್ದರು. ಎತ್ತು ಎಳೆಯುವ ಬಿತ್ತನೆಯ ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಬೀಜ ಬಿಡುವುದರಲ್ಲಿ ಅವಳ ಕೈ ಅಂಥದ್ದು. ಪೈರು ಎಲ್ಲೂ ದಟ್ಟವಾಗದು, ಎಲ್ಲೂ ತೆಳುವಾಗದು. ಬೆಳೆ ನೋಡುವ ಕಣ್ಣೂ ಹಾಗೆಯೇ. ಅವಳ ಬಗ್ಗೆ ಬರೆಯಬೇಕೆಂದರೆ ನನ್ನ ಬಗ್ಗೆಯೂ ಒಂದು ಮಾತು ಬರೆಯಬೇಕಾಗುತ್ತದೆ. ಅದು ನನಗೆ ಇಷ್ಟವಿಲ್ಲ.

ನಮ್ಮತ್ತೆ ಭೀಮಮ್ಮನವರ ಹಳೇ ಕೊಟ್ಟಿಗೆಯೇ ಊರಿನ ಬೀಜದ ಕೋಣೆ. ಸಗಣಿ ಸಾರಿಸಿದ ಬುಟ್ಟಿಗಳಲ್ಲಿ ಬೂದಿ, ಬೇವಿನೆಲೆ ಬೆರೆಸಿ ಬೀಜ ಇಡುತ್ತಿದ್ದರು. ಪ್ರತಿ ಬುಟ್ಟಿಗೂ ಬೀಜ ತಂದವರ ಹೆಸರು: ತಾರಾಬಾಯಿಯ ಕಡಲೆ, ಮಾಣಿಕಮ್ಮನ ಸಜ್ಜೆ. ಯಾರು ಬೇಕಾದರೂ ಒಯ್ಯಬಹುದು. ಸಾಯಮ್ಮನಂಥ ಕೇರಿಯವರು ಒಳಗೆ ಬರದೆ ಹೊಸ್ತಿಲಲ್ಲಿ ಕೂತು ಸೆರಗೊಡ್ಡಬೇಕು, ಅಷ್ಟೇ ವ್ಯತ್ಯಾಸ. ಹೊಸ ಬೀಜ ತಂದಿಡುವುದು ಮಾತ್ರ ಸುಲಭವಲ್ಲ. ಸ್ವಂತ ಹೊಲದಲ್ಲಿ ಎರಡು ವರ್ಷ ಬೆಳೆದಿರಬೇಕು, ನಿಂತ ಬೆಳೆಯನ್ನು ಐವರು ಹಿರಿಯ ಹೆಂಗಸರು ನೋಡಿ ಹೂಂ ಅನ್ನಬೇಕು. ಆ ಐವರಲ್ಲಿ ನಮ್ಮತ್ತೆಯ ಮಾತೇ ಕಡೆಯ ಮಾತು.

ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಯಾರೋ ಸಂತೆಯಿಂದ ತಂದ ಜೋಳ ಕೋಣೆ ಸೇರಿ, ಮರುವರ್ಷ ಅರ್ಧ ಊರಿನ ತೆನೆಗಳಲ್ಲಿ ಕಾಳಿನ ಬದಲು ಕಾಡಿಗೆಯಂಥ ಕರಿಪುಡಿ ತುಂಬಿತ್ತು. ಹಾಗಾಗಿ ನಿಯಮ ಮಾಡಿದವರನ್ನು ನಾನು ಬೈಯುವುದಿಲ್ಲ. ಹೊಲ ಇಲ್ಲದವರಿಗೂ ಕಣ್ಣಿರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತರ ಸುಮಾರಿಗೆ ನಮ್ಮೂರ ಆತ್ಮಾರಾಮನ ಹೊಲದಲ್ಲಿ ಜೋಳ ಕೊಯ್ಯುವಾಗ ಸಾಯಮ್ಮನಿಗೆ ಒಂದು ದಂಟು ಕಂಡಿತು. ಅದರ ತೆನೆ ಕುತ್ತಿಗೆ ಬಾಗಿಸಿ ನೆಲ ನೋಡುತ್ತಿತ್ತು. ಹಕ್ಕಿಗೆ ಕೂರಲು ಜಾಗವೇ ಇಲ್ಲ. ಸುತ್ತಲಿನ ತೆನೆಗಳನ್ನು ಹಕ್ಕಿಗಳು ಅರ್ಧ ಖಾಲಿ ಮಾಡಿದ್ದವು, ಇದು ಮಾತ್ರ ತುಂಬಿಕೊಂಡಿತ್ತು. ಕೂಲಿಯ ತೆನೆಗಳ ಜೊತೆ ಅದನ್ನೂ ಕೇಳಿ ತಂದಳು.

ಮುಂದಿನ ಬಿತ್ತನೆಗೆ ಅವಳು ಬಂದದ್ದು ನಮ್ಮ ಹೊಲಕ್ಕೆ. ನನ್ನ ಗಂಡ ಪಾಂಡಪ್ಪ ಎತ್ತು ಹೊಡೆಯುತ್ತಿದ್ದರು. ಬುತ್ತಿ ತಂದ ನಾನು ನೋಡುತ್ತಿದ್ದಂತೆ, ಬದುವಿನ ಪಕ್ಕದ ಕಡೆಯ ಸಾಲಿಗೆ ಬಂದಾಗ ಅವಳು ಸೆರಗಿನ ಗಂಟು ಬಿಚ್ಚಿ ತನ್ನ ಬೀಜ ಬಿಟ್ಟಳು.

"ನೋಡೀರೇನವ್ವಾ?" ಎಂದಳು.

"ನೋಡೀನಿ."

"ಎರಡು ವರ್ಷ ಯಾರಿಗೂ ಹೇಳಬ್ಯಾಡ್ರಿ. ಆಮ್ಯಾಲ ನಾನೇ ಕೋಣೀಗಿ ತಂದು ಕೊಡ್ತೀನಿ. ಸಾಯಮ್ಮನ ಜೋಳ ಅಂತ ಒಂದು ಬುಟ್ಟಿ ಇರಲಿ."

ನಾನು ಹೇಳಲಿಲ್ಲ. ಮೊದಲ ಕೊಯ್ಲಿನ ಬಾಗಿದ ತೆನೆಗಳನ್ನು ಅವಳು ಕೂಲಿಯ ಜೊತೆ ಕೇಳಿ ಒಯ್ದು, ಒಂದಿಷ್ಟು ಉಳಿಸಿಕೊಂಡು, ಮರುವರ್ಷ ಅದೇ ಸಾಲಿಗೆ ಬಿತ್ತಿದಳು. ಎರಡನೇ ವರ್ಷ ಆ ಸಾಲು ಇಡಿಯಾಗಿ ತಲೆಬಾಗಿ ನಿಂತಿತು. ಐವರೂ ಬಂದು ನೋಡಿ ಹೊಗಳಿದರು. ನಮ್ಮತ್ತೆ ಆ ಸಾಲನ್ನು ಬೇರೆಯಾಗಿ ಕೊಯ್ಯಿಸಿ ಕೋಣೆಗೆ ತಂದರು. ಬುಟ್ಟಿಗೆ ಭೀಮಮ್ಮನ ಜೋಳ ಎಂದು ಹೆಸರಾಯಿತು.

"ಅದು ನನ್ನ ಬೀಜರೀ," ಎಂದಳು ಹೊಸ್ತಿಲಲ್ಲಿ ಕೂತಿದ್ದ ಸಾಯಮ್ಮ.

"ಯಾರ ಹೊಲದಾಗ ಬೆಳದದ?" ಎಂದರು ಅತ್ತೆ.

"ನಿಮ್ಮ ಹೊಲದಾಗ. ಆದ್ರ ಬೀಜ ಬಿಟ್ಟಾಕಿ ನಾನು. ಕೌಶಲ್ಯಾಬಾಯಾರು ನೋಡ್ಯಾರ, ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು, ಎದುರಿಗೆ ಅತ್ತೆ ಕೂತಿದ್ದರು.

"ನನಗ ನೆನಪಿಲ್ಲ," ಎಂದೆ.

ಸಾಯಮ್ಮ ಬೈದಿದ್ದರೆ ಚೆನ್ನಾಗಿತ್ತು. ಕುಡುಗೋಲು ಎತ್ತಿಕೊಂಡು ಎದ್ದು ಹೋದಳು. ಆಮೇಲೆ ಊರಿನವರ ಹೊಲಕ್ಕೆಲ್ಲ ಬಿತ್ತಲು ಹೋದಳು, ನಮ್ಮ ಹೊಲಕ್ಕೆ ಮಾತ್ರ ಬರಲಿಲ್ಲ. ಅವಳ ಮುಖ ನೋಡಲು ನಾಚಿಕೆಯಾಗಿ ನಾನು ದಾರಿ ಬದಲಿಸುತ್ತಿದ್ದೆ.

ಮೂರು ವರ್ಷಕ್ಕೆ ಭೀಮಮ್ಮನ ಜೋಳ ತಲೆ ಎತ್ತಿ ನಿಂತಿತು, ಹಕ್ಕಿಗಳೂ ಬಂದವು. ತಪ್ಪು ಅತ್ತೆಯದೇ. ಪ್ರತಿ ವರ್ಷ ಕಣದ ಗುಡ್ಡೆಯಿಂದ ದಪ್ಪ ತೆನೆ ಆರಿಸಿ ಬೀಜಕ್ಕೆ ಇಡುತ್ತಿದ್ದರು. ದಂಟಿನಿಂದ ಕತ್ತರಿಸಿ ಕಣಕ್ಕೆ ಬರುವ ತೆನೆಗೆ ಕುತ್ತಿಗೆಯೇ ಇರುವುದಿಲ್ಲ, ಯಾವುದು ಬಾಗಿತ್ತೋ ಯಾವುದು ನೆಟ್ಟಗಿತ್ತೋ ಹೇಗೆ ತಿಳಿಯಬೇಕು? ಐವರೂ ತಲೆ ಕೆರೆದುಕೊಂಡರು. ಕೊನೆಗೆ ಅತ್ತೆ ನನ್ನನ್ನು ಕರೆದು, "ಸಾಯಮ್ಮನ ಹಂತೇಕ ಹೋಗಿ ಬಾ," ಎಂದರು.

ಅವಳ ಗುಡಿಸಲಿನ ಸೂರಿಗೆ ಬಾಗಿದ ತೆನೆಗಳ ಗೊಂಚಲು ತೂಗುತ್ತಿತ್ತು. ಇಷ್ಟು ವರ್ಷವೂ ಇನ್ಯಾರದೋ ಹೊಲದ ಕಡೆಯ ಸಾಲಿನಲ್ಲಿ ಅವಳು ಅದನ್ನು ಉಳಿಸಿಕೊಂಡಿದ್ದಳು.

"ಬೀಜ ಕೊಡ್ತೀನ್ರಿ," ಎಂದಳು. "ನಿಂತ ಬೆಳ್ಯಾಗ ಬಾಗಿದ ತೆನೀಗಿ ಚಿಂದಿ ಕಟ್ಟಿ ಗುರ್ತು ಮಾಡೂದೂ ಕಲಸ್ತೀನಿ. ಆದ್ರ ಅವತ್ತು ನೋಡಿದ್ದು ನೀವು ಅದೇ ಜಾಗದಾಗ ಹೇಳಬೇಕು. ಮತ್ತ ನಾ ಇನ್ನ ಹೊಸ್ತಿಲ ಮ್ಯಾಲ ಕೂಡೂದಿಲ್ಲ."

ಬೀಜದ ಕೋಣೆಯಲ್ಲಿ, ಸಾಯಮ್ಮ ಅಂಗಳದಲ್ಲಿ ನಿಂತು ಕೇಳುತ್ತಿರುವಾಗ, ಐವರ ಎದುರು ಹೇಳಿದೆ. ಸೆರಗಿನ ಗಂಟು, ಕಡೆಯ ಸಾಲು, ನನ್ನ ಸುಳ್ಳು, ಎಲ್ಲವನ್ನೂ. ಅತ್ತೆ ಬುಟ್ಟಿಯ ಬೂದಿ ಆಡಿಸಿದರು.

"ನನ್ನ ಹೊಲದ ಸಾಲಿನಾಗ ಯಾರ ಬೀಜ ಅದ ಅಂತ ನನಗ ಅವತ್ತೇ ಗೊತ್ತಿರಲಿಲ್ಲೇನು?" ಎಂದರು. ಆಮೇಲೆ ಚಾಪೆಯ ಮೇಲೆ ಅತ್ತ ಸರಿದು, "ಸಾಯಮ್ಮ, ಒಳಗ ಬಾ," ಎಂದರು.

ಐವರು ಆರಾದರು. ಎರಡು ವರ್ಷದ ನಿಯಮ ಉಳಿಯಿತು, ಸ್ವಂತ ಹೊಲದ ಮಾತು ಹೋಯಿತು. ಹೊಲವಿಲ್ಲದವರ ಬೀಜಕ್ಕೆಂದು ಆರಂಭದ ಐವರೂ ತಮ್ಮ ಬದುವಿನ ಪಕ್ಕದ ಸಾಲು ಬಿಟ್ಟುಕೊಟ್ಟರು. ಬುಟ್ಟಿಯ ಹೆಸರು ಮಾತ್ರ ಬದಲಾಗಲಿಲ್ಲ, ಊರಿನ ನಾಲಿಗೆಗೆ ಹಳೆಯದೇ ರೂಢಿಯಾಗಿತ್ತು.

ಆರು ಜನರಲ್ಲಿ ಸಾಯಮ್ಮನೇ ಹೆಚ್ಚು ಬಿಗಿ. ಮೂರನೇ ವರ್ಷ, ಕಳೆ ಕೀಳುವ ಪೋಚಮ್ಮ ಒಂದು ಹಿಡಿ ತೊಗರಿ ತಂದಳು.

"ಎರಡು ವರ್ಷ ಆತೇನು?" ಎಂದಳು ಸಾಯಮ್ಮ.

"ಆತ್ರಿ. ಭೀಮಮ್ಮನವ್ರ ಹೊಲದ ಕಡೀ ಸಾಲಿನಾಗ."

ಸಾಯಮ್ಮ ನನ್ನ ಕಡೆ ತಿರುಗಿದಳು. "ನೋಡೀರೇನವ್ವಾ?"

ಅವಳ ಮಾತು ಮುಗಿಯುವ ಮೊದಲೇ, "ನೋಡೀನಿ," ಎಂದೆ. ನನ್ನ ದನಿ ಅಂಗಳದಾಚೆಗೂ ಕೇಳಿಸಿತಂತೆ.